ಅಡಿಬರಹದ ಹೊಣೆ: ಠಾಣೆ ಕೈಗಾರಿಕಾ ವಲಯದ ಕಾರ್ಮಿಕರು ಮತ್ತು ಪತ್ರಿಕಾ ಛಾಯಾಚಿತ್ರ

ಠಾಣೆಯ ವಾಗ್ಳೆ ಎಸ್ಟೇಟ್, ಠಾಣೆ–ಬೇಲಾಪುರ ರಸ್ತೆಯ ರಾಸಾಯನಿಕ ಕಾರ್ಖಾನೆಗಳು, ಡೊಂಬಿವಲಿಯ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಪ್ರದೇಶ, ಕಲ್ಯಾಣದ ಮಗ್ಗುಲಿನ ಶಹಾಡ್ ಮತ್ತು ಮೋಹನೆಯ ರೇಯಾನ್ ಗಿರಣಿಗಳು: ಈ ವಲಯ ಪತ್ರಿಕೆಯ ಪುಟಕ್ಕೆ ಮುಖ್ಯವಾಗಿ ಎರಡು ಬಾಗಿಲಿಂದ ಬಂದಿದೆ. ಮೊದಲನೆಯದು ಕಂಪನಿಯ ಬಾಗಿಲು. ಮುಂಬಯಿಯ ಮಿತ್ತರ್ ಬೇಡಿ 1960ರ ದಶಕದಿಂದ ಉದ್ಯಮಗಳಿಗಾಗಿ ತೆಗೆದ ಚಿತ್ರಗಳಲ್ಲಿ ಕೊಳವೆ, ಗೋಪುರ, ಉಕ್ಕಿನ ಗೆರೆಗಳು ಭವ್ಯವಾಗಿ ನಿಲ್ಲುತ್ತವೆ. ಮನುಷ್ಯನಿದ್ದರೆ ಹಲವೆಡೆ ಯಂತ್ರದ ಗಾತ್ರ ತಿಳಿಸಲು ಮಾತ್ರ. ಎರಡನೆಯದು ಅವಘಡದ ಬಾಗಿಲು. ಡೊಂಬಿವಲಿಯಲ್ಲಿ 2016ರ ಮೇ 26ರಂದು ಪ್ರೊಬೇಸ್ ಕಾರ್ಖಾನೆ, 2024ರ ಮೇ 23ರಂದು ಅಮುದಾನ್ ಕೆಮಿಕಲ್ಸ್ ಸ್ಫೋಟಿಸಿದಾಗ ಎದ್ದು ಕಂಡದ್ದು ಹೊಗೆ, ಒಡೆದ ಗಾಜು, ಕುಸಿದ ಗೋಡೆ. ಒಂದು ಕಡೆ ಬಂಡವಾಳದ ಹೆಮ್ಮೆ, ಇನ್ನೊಂದು ಕಡೆ ವಿನಾಶದ ಬೆರಗು. ಇವೆರಡರ ನಡುವೆ ಕಳಚಿಬಿದ್ದದ್ದು ಪಾಳಿಯ ದುಡಿಮೆ. ಈ ಕೊರತೆ ಕ್ಯಾಮೆರಾದ್ದಕ್ಕಿಂತ ಹೆಚ್ಚಾಗಿ ಸಂಪಾದನೆಯದು, ಅದರಲ್ಲೂ ಅಡಿಬರಹದ್ದು ಎಂಬುದು ಈ ಲೇಖನದ ವಾದ.

ಚಿತ್ರ ಮುಖವನ್ನು ತೋರಿಸಬಲ್ಲದು. ಕೂಲಿ, ಗುತ್ತಿಗೆ, ಪಾಳಿಯ ಅವಧಿ, ಉಸಿರಿಗೆ ಸೇರುವ ದ್ರಾವಕ ಇವನ್ನು ತೋರಿಸಲಾರದು. 1908ರಿಂದ ಅಮೆರಿಕದ ಬಾಲಕಾರ್ಮಿಕರನ್ನು ಚಿತ್ರಿಸಿದ ಲೂಯಿಸ್ ಹೈನ್ ಇದನ್ನು ಅರಿತಿದ್ದ. ತನ್ನ ಅಂಗಿಯ ಗುಂಡಿಗಳನ್ನೇ ಅಳತೆಗೋಲಾಗಿಸಿ ಮಕ್ಕಳ ಎತ್ತರ ಗುರುತಿಸಿದ. ವಯಸ್ಸು, ಕೆಲಸಗಳನ್ನು ಬರೆದಿಟ್ಟ. ಆ ವಿವರಗಳೇ ಮರುಕ ಹುಟ್ಟಿಸುವ ಪಟವನ್ನು ಸಾಕ್ಷ್ಯವಾಗಿಸಿದವು. ಛಾಯಾಗ್ರಾಹಕರಾದ ಯೂಜೀನ್ ಸ್ಮಿತ್ ಮತ್ತು ಐಲೀನ್ ಸ್ಮಿತ್, ಕಾರ್ಖಾನೆಯ ಪಾದರಸದ ವಿಷಕ್ಕೆ ತುತ್ತಾದ ಜಪಾನಿನ ಮಿನಮಾಟಾದಲ್ಲಿ 1971ರಿಂದ ಸುಮಾರು ಮೂರು ವರ್ಷ ನೆಲೆಸಿದರು. 1972ರ ಜೂನ್‌ನಲ್ಲಿ 'ಲೈಫ್' ನಿಯತಕಾಲಿಕೆ ಪ್ರಕಟಿಸಿದ ಅವರ ಚಿತ್ರಗಳ ಬಲ ಪಾದರಸದ ಮೂಲವನ್ನೂ ಪೀಡಿತ ದೇಹವನ್ನೂ ಜೋಡಿಸಿದ್ದರಲ್ಲಿದೆ.

ಕಾರ್ಮಿಕನ ಹೆಸರು ಅಚ್ಚಾದರೆ ಗುತ್ತಿಗೆದಾರ ಮರುದಿನವೇ ಅವನನ್ನು ಹೊರಗೆ ಕಳಿಸಬಹುದು, ಹಾಗಾಗಿ ವಿವರವೇ ಅಪಾಯ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಹೆಸರು ಮರೆಮಾಡಿಯೂ ಕೆಲಸದ ಬಗೆ, ಪಾಳಿ, ನೇಮಕಾತಿಯ ಸ್ವರೂಪ ಹೇಳಬಹುದು. ಮುಖ ತೋರಿಸಿ ಉಳಿದುದನ್ನು ಮುಚ್ಚಿಡುವುದು ಅವನಿಗೆ ಹೆಚ್ಚು ಅಪಾಯಕರ. ಕಾರ್ಖಾನೆಯೊಳಗೆ ಪ್ರವೇಶವೇ ಇಲ್ಲವೆಂಬುದು ಇನ್ನೊಂದು ಆಕ್ಷೇಪ. ದುಡಿಮೆಯ ಗುರುತುಗಳು ಗೇಟಿನಲ್ಲೇ ನಿಲ್ಲುವುದಿಲ್ಲ: ಸ್ಟೇಷನ್ನಿನ ಮುಂಜಾನೆಯ ನೂಕುನುಗ್ಗಲು, ಬಾಡಿಗೆ ಖೋಲಿ, ಗೇಟಿನೆದುರಿನ ಚಹಾ ಟಪರಿ ಎಲ್ಲವೂ ಅದರ ಭಾಗ. ಬ್ರೆಜಿಲ್‌ನ ಛಾಯಾಗ್ರಾಹಕ ಸೆಬಾಸ್ಟಿಯಾವೊ ಸಲ್ಗಾಡೊನ ಕಾರ್ಮಿಕ ಚಿತ್ರಗಳ ಮೇಲೆ ಬಂದ, ಸೌಂದರ್ಯ ಸಂಕಟವನ್ನು ನುಂಗುತ್ತದೆಂಬ ಟೀಕೆಯೂ ಕೊನೆಗೆ ಅಡಿಬರಹದ ಪ್ರಶ್ನೆಗೇ ಬಂದು ತಲುಪುತ್ತದೆ. ಪಟದ ಚೆಲುವಿನಿಂದಲೇ ಹಾನಿಯಿಲ್ಲ. ಯಾರ ದುಡಿಮೆ, ಯಾರ ಲಾಭ ಎಂದು ಹೇಳದೆ ಪುಟ ಮುಗಿದರೆ ಹಾನಿ. ಡೊಂಬಿವಲಿಯ ಎರಡು ಸ್ಫೋಟಗಳ ನಡುವೆ ಎಂಟು ವರ್ಷಗಳಿದ್ದವು. ಸ್ಫೋಟ ಒಂದು ಗಳಿಗೆಯ ಸುದ್ದಿ, ಅದಕ್ಕೆ ದಾರಿಯಾಗುವ ದಿನಚರಿ ವರ್ಷಗಳದ್ದು. ನಿಯತಕಾಲಿಕೆಗೆ ದಿನಪತ್ರಿಕೆಗಿಲ್ಲದ ಬಿಡುವಿದೆ. ಆ ವರ್ಷಗಳನ್ನು ದಾಖಲಿಸುವುದು ಅದರ ಪಾಲಿನ ಕೆಲಸ.