ಉತಾರದ ಕಂಪ್ಯೂಟರ್ ಬೆರಳು ಕೇಳಿತು, ಮನೆಯದು ಏನೂ ಕೇಳಲಿಲ್ಲ

ಬಾದಾಮಿ, ಹುನಗುಂದ ಕಡೆಯ ಹಿರಿಯರಿಗೆ ಉತಾರ ಅಂದರೆ ತಲಾಠಿ ನೆನಪಾಗುತ್ತಾರೆ. ಹೊಲದ ಲೆಕ್ಕವೆಲ್ಲ ಅವರ ಪುಸ್ತಕದಲ್ಲಿತ್ತು. ಅವರು ಸಿಗಬೇಕು, ಪುಸ್ತಕ ತೆಗೆಯಬೇಕು, ಬರೆದು ಕೊಡಬೇಕು. ಹೆಸರು ತಿದ್ದಿದ್ದರೆ ತಿದ್ದಿದ್ದು ಯಾರು ಎಂದು ಹಿಡಿಯುವುದು ಕಷ್ಟವಿತ್ತು.

2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಉತಾರ ಸಿಗತೊಡಗಿತು. ಇಳಕಲ್ ಆಗಿನ್ನೂ ತಾಲೂಕಾಗಿರಲಿಲ್ಲ, ಅಲ್ಲಿಯವರಿಗೆ ಹುನಗುಂದವೇ ಗತಿ.

ಈ ಕಂಪ್ಯೂಟರಿಗೆ ಪಾಸ್‌ವರ್ಡ್ ಒಂದೇ ಸಾಲದು ಎಂದು ಯೋಜನೆಯವರು ಸಿಬ್ಬಂದಿಯ ಬೆರಳಚ್ಚನ್ನೂ ಕೇಳಿದರು. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿಬಿಡಬಹುದು, ನಾಳೆ 'ನಾನಲ್ಲ, ಬೇರೆ ಯಾರೋ' ಎನ್ನಬಹುದು. ಬೆರಳನ್ನು ಹಾಗೆ ಎರವಲು ಕೊಡಲಾಗದು. ಹೊಲದ ಹೆಸರು ಬದಲಿಸಿದವರು ಯಾರೆಂಬ ಗುರುತು ಉಳಿಯಿತು.

ಪಾಸ್‌ವರ್ಡಿನ ಈ ದೌರ್ಬಲ್ಯ ಅದರಷ್ಟೇ ಹಳೆಯದು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿತು. ಒಬ್ಬರ ಕಡತ ಇನ್ನೊಬ್ಬರು ನೋಡಬಾರದು ಎಂದು ಪಾಸ್‌ವರ್ಡ್ ಬಂತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕ ಪಾಸ್‌ವರ್ಡುಗಳ ಪಟ್ಟಿಯನ್ನೇ ಮುದ್ರಿಸಿಕೊಂಡ. ಕಾರಣ ಇಷ್ಟೇ, ತನಗೆ ಕೊಟ್ಟ ಸಮಯ ಸಾಲದೆ ಬೇರೆಯವರ ಸಮಯವೂ ಬೇಕಾಗಿತ್ತು!

ಮನೆಯ ಕಂಪ್ಯೂಟರಿಗೆ ಇಂಥ ಹಂಚಿಕೆಯ ಚಿಂತೆ ಇರಲಿಲ್ಲ. 1995ರ ವಿಂಡೋಸ್ ಪಾಸ್‌ವರ್ಡ್ ಕೇಳಿದರೂ ಎಸ್ಕೇಪ್ ಒತ್ತಿದರೆ ಒಳಗೆ ಬಿಡುತ್ತಿತ್ತು. 2001ರ ಎಕ್ಸ್‌ಪಿಯಲ್ಲಿ ಪಾಸ್‌ವರ್ಡ್ ಇಲ್ಲದ ಒಂದೇ ಖಾತೆ ಇದ್ದರೆ ನೇರ ಪರದೆ ತೆರೆಯುತ್ತಿತ್ತು.

ಈಗಲೂ ಹಾಗೆ ಮಾಡಬಹುದು. ವಿಂಡೋಸ್ ಕೀ ಜೊತೆ 'ಆರ್' ಒತ್ತಿ, ಬಂದ ಪೆಟ್ಟಿಗೆಯಲ್ಲಿ 'ನೆಟ್‌ಪಿಎಲ್‌ವಿಜ್' ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಕೊಡಬೇಕು. ಬಳಕೆದಾರರು ಹೆಸರು, ಪಾಸ್‌ವರ್ಡ್ ಕೊಡಲೇಬೇಕು ಎಂಬ ಸಾಲಿನ ಮುಂದಿನ ಗುರುತು ತೆಗೆದು, ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಗಿಯಿತು. ಹೊಸ ವಿಂಡೋಸಿನಲ್ಲಿ ಆ ಸಾಲೇ ಕಾಣದಿದ್ದರೆ ಸೈನ್-ಇನ್ ಆಯ್ಕೆಗಳಲ್ಲಿ 'ಹಲೋ ಮಾತ್ರ' ಎಂಬುದನ್ನು ಮೊದಲು ಆಫ್ ಮಾಡಬೇಕು. ರಿಜಿಸ್ಟ್ರಿ ತಿದ್ದಿ ಮಾಡುವ ದಾರಿಯೂ ಇದೆ, ಆದರೆ ಅದರಲ್ಲಿ ಪಾಸ್‌ವರ್ಡ್ ಯಾರಾದರೂ ಓದುವಂತೆ ಬಿದ್ದಿರುತ್ತದೆ. ಅದರ ಗೊಡವೆ ಬೇಡ.

ಮೊದಲು ಮನೆಯ ಕಂಪ್ಯೂಟರಿನಲ್ಲಿ ಆಟ, ಹಾಡು ಅಷ್ಟೇ ಇತ್ತು. ಈಗ ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಉಳಿದಿರುತ್ತದೆ, ಇಮೇಲ್ ತೆರೆದೇ ಇರುತ್ತದೆ, ಆಧಾರ್ ಪ್ರತಿಯೂ ಇರುತ್ತದೆ. ಆಟೊ ಲಾಗಿನ್ ಇದ್ದರೆ ಸ್ವಿಚ್ ಒತ್ತಿದವರೇ ಯಜಮಾನರು. ಲ್ಯಾಪ್‌ಟಾಪಿಗಂತೂ ನಾನು ಬೇಡ ಎನ್ನುತ್ತೇನೆ, ಅದು ಬಸ್ಸಿನಲ್ಲೇ ಉಳಿದುಹೋಗುವ ವಸ್ತು. ಮೇಜಿನ ಕಂಪ್ಯೂಟರ್ ಆದರೆ ಮಕ್ಕಳಿಗೊಂದು ಸಾಮಾನ್ಯ ಖಾತೆ ತೆರೆದು ಅದಕ್ಕಷ್ಟೇ ಆಟೊ ಲಾಗಿನ್ ಇಡಿ. ವ್ಯವಹಾರದ ಖಾತೆ ಬೇರೆ ಇರಲಿ, ಅದು ಪಾಸ್‌ವರ್ಡ್ ಕೇಳಲಿ.