ಕೆಂಪು ಎಣ್ಣೆ, ಕೆಂಪು ಧೂಳು: ಹೊಸಪೇಟೆ ಸೀಮೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ

ಹತ್ತು ವರ್ಷ ದಾಟಿದ ಆಟೋಮ್ಯಾಟಿಕ್ ಕಾರನ್ನು ಮುಟ್ಟಬೇಡಿ, ಗೇರ್‌ಬಾಕ್ಸ್ ಹೋದರೆ ಗಾಡಿಯ ಬೆಲೆಗಿಂತ ರಿಪೇರಿ ಬಿಲ್ಲೇ ದೊಡ್ಡದು. ಹೊಸಪೇಟೆಯ ಹಳೇ ಕಾರಿನ ವ್ಯಾಪಾರದಲ್ಲಿ ಈ ಮಾತು ಈಗ ಗಾದೆಯ ಹಾಗೆ ಓಡಾಡುತ್ತಿದೆ. ಅದರ ಬೆನ್ನಿಗೇ ಇನ್ನೊಂದು: ಲಕ್ಷ ಕಿಲೋಮೀಟರ್ ಓಡಿದ ಗಾಡಿಗೆ ಗೇರ್ ಆಯಿಲ್ ಬದಲಿಸಬೇಡಿ, ಬದಲಿಸಿದರೆ ಗೇರ್ ಹಿಡಿಯುವುದೇ ಇಲ್ಲ. ಕಳೆದ ಬೇಸಿಗೆಯಲ್ಲಿ ಎರಡನ್ನೂ ನಂಬಿದ ಕಂಪ್ಲಿ ಕಡೆಯ ರೈತರೊಬ್ಬರು ತಮ್ಮ 2009ರ ಕಾರನ್ನು ಗುಜರಿ ರೇಟಿಗೆ ಕೊಡಲು ಹೊರಟಿದ್ದರು. ದಾರಿಯಲ್ಲಿ ಯಾರೋ ಹೇಳಿದರೆಂದು ನನ್ನ ಗ್ಯಾರೇಜಿಗೆ ತಿರುಗಿಸಿದರು. "ಏರಿಗೆ ಎಳಿಯಂಗಿಲ್ಲಣ್ಣ, ಗೇರ್‌ಬಾಕ್ಸ್ ಮುಗೀತಂತೆ" ಅಂದರು. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದೆ. ಎಣ್ಣೆ ಕಪ್ಪಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ತಳದ ಎಣ್ಣೆ ಚೇಂಬರ್ ಇಳಿಸಿ, ಎಣ್ಣೆಯ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳಿಗೆ ಮೀಟರ್ ಹಿಡಿದರೆ ಉಳಿದವೆಲ್ಲ 12 ಓಮ್ ಆಸುಪಾಸು ತೋರಿಸಿದವು, ಒಂದರಲ್ಲಿ ತಂತಿಯೇ ಕಡಿದಿತ್ತು. ಕೆಟ್ಟಿದ್ದು ಅಷ್ಟೇ.

ಈ ಸೀಮೆಯಲ್ಲಿ ಆಟೋಮ್ಯಾಟಿಕ್ ಗೇರಿನ ಕೆಲಸ ಎಲ್ಲಿಂದ ಬಂತು, ಹೇಗೆ ಬೆಳೆಯಿತು, ಎಲ್ಲಿ ಕಡಿದುಹೋಯಿತು ಎಂದು ಯಾರಾದರೂ ಬರೆದಿಡಬೇಕು ಅನ್ನಿಸಿದ್ದು ಆವತ್ತು. ಮೂವತ್ತೈದು ವರ್ಷಕ್ಕೂ ಮೇಲೆ ಇದೇ ಎಣ್ಣೆಯಲ್ಲಿ ಕೈ ಇಟ್ಟವನಾಗಿ ನಾನೇ ಬರೆಯುತ್ತಿದ್ದೇನೆ.

ದೂರದ ಕಥೆಯನ್ನು ಬೇಗ ಮುಗಿಸುತ್ತೇನೆ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಮೂಲ ಕಾರಲ್ಲ, ಹಡಗು. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಹಡಗು ಕಟ್ಟೆಯಲ್ಲಿ ಎಂಜಿನಿಯರ್ ಆಗಿದ್ದರು. ತುಂಗಭದ್ರಾ ಡ್ಯಾಮಿನ ಪವರ್ ಹೌಸ್ ನೋಡಿದವರಿಗೆ ತತ್ವ ಅರ್ಥವಾಗಲು ಕಷ್ಟವಿಲ್ಲ. ಅಲ್ಲಿ ಹರಿಯುವ ನೀರು ಟರ್ಬೈನ್ ತಿರುಗಿಸುತ್ತದೆ. ಇಲ್ಲಿ ಒಂದೇ ಮುಚ್ಚಿದ ಡಬ್ಬಿಯೊಳಗೆ ಎಂಜಿನ್ ಒಂದು ಚಕ್ರದಿಂದ ಎಣ್ಣೆ ಎರಚುತ್ತದೆ, ಎದುರಿಗಿರುವ ಚಕ್ರ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ. ನಡುವೆ ಗಟ್ಟಿ ಜೋಡಣೆ ಇಲ್ಲದ್ದರಿಂದಲೇ ಕ್ಲಚ್ ಪೆಡಲ್ ಬೇಡ. ಅಮೆರಿಕದ ಜನರಲ್ ಮೋಟಾರ್ಸ್ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್‌ನಲ್ಲಿ ಹೈಡ್ರಾ-ಮ್ಯಾಟಿಕ್ ಕೊಟ್ಟ ಮೇಲೆ ಎಣ್ಣೆಯ ಒತ್ತಡದಿಂದಲೇ ಗೇರ್ ಬದಲಾಗುವ ಪದ್ಧತಿ ಮನೆಮನೆಗೆ ಬಂತು. ಒಳಗೆ ಸೂರ್ಯನ ಸುತ್ತ ಗ್ರಹಗಳಿದ್ದ ಹಾಗೆ ಹಲ್ಲುಚಕ್ರಗಳು, ಅವನ್ನು ಹಿಡಿದು ಬಿಡುವ ಕ್ಲಚ್ ಪ್ಲೇಟುಗಳು, ಯಾವ ದಾರಿಗೆ ಎಣ್ಣೆ ಹೋಗಬೇಕೆಂದು ತೀರ್ಮಾನಿಸುವ ವಾಲ್ವ್ ಬಾಡಿ. ಮುಂದೆ ಆ ತೀರ್ಮಾನ ಕಂಪ್ಯೂಟರಿನ ಕೈಗೆ ಹೋಗಿ ಸೊಲೆನಾಯ್ಡ್‌ಗಳು ಬಂದವು. ಆ ಕಾಲದುದ್ದಕ್ಕೂ ನಮ್ಮ ಊರಿನ ಅಂಬಾಸಡರ್, ಪದ್ಮಿನಿಗಳು ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯಲ್ಲೇ ಓಡಿದವು.

ಹಾಗಾದರೆ ಇಲ್ಲಿಗೆ ಆಟೋಮ್ಯಾಟಿಕ್ ಬಂದಿದ್ದು ಯಾವಾಗ? ದೊಡ್ಡ ಊರಿನವರು ತೊಂಬತ್ತರ ದಶಕದ ಕಾರುಗಳ ಹೆಸರು ಹೇಳುತ್ತಾರೆ. ನಮ್ಮ ಸೀಮೆಯ ಮಟ್ಟಿಗೆ ಅದು ತಪ್ಪು. ಸಂಡೂರಿನ ಬೆಟ್ಟಗಳಿಗೆ ಟಾರ್ಕ್ ಕನ್ವರ್ಟರ್ ಅದಕ್ಕೂ ಮುಂಚೆ ಏರಿತ್ತು. ದೋಣಿಮಲೈಯಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಗಣಿ ಶುರುವಾದದ್ದು 1977ರಲ್ಲಿ. ಅಂಥ ಯಾಂತ್ರೀಕೃತ ಗಣಿಗಳಲ್ಲಿ ಅದಿರು ಹೊರುವ ದೊಡ್ಡ ಡಂಪರ್‌ಗಳು, ಲೋಡರ್‌ಗಳು ಟಾರ್ಕ್ ಕನ್ವರ್ಟರ್ ಮತ್ತು ಎಣ್ಣೆ ಒತ್ತಡದ ಕ್ಲಚ್‌ಗಳಲ್ಲೇ ನಡೆಯುವಂಥವು. ಹತ್ತಾರು ಟನ್ ಕಲ್ಲು ಹೊತ್ತು ಏರು ಹತ್ತುವ ಗಾಡಿಗೆ ಕಾಲಿನ ಕ್ಲಚ್ ಒಂದು ವಾರವೂ ಬಾಳುವುದಿಲ್ಲ.

ನಾನು 1987ರಲ್ಲಿ ಐಟಿಐ ಮುಗಿಸಿ ಸಂಡೂರು ಕಡೆಯ ಒಂದು ಗಣಿಯ ವರ್ಕ್‌ಶಾಪಿಗೆ ಹೆಲ್ಪರ್ ಆಗಿ ಸೇರಿದೆ. ಅಲ್ಲಿನ ನಮ್ಮ ಉಸ್ತಾದರು ಓದಿದ್ದು ಏಳನೇ ಇಯತ್ತೆ. ಡಂಪರ್ ಜಾರುತ್ತಿದೆ ಎಂದು ಡ್ರೈವರ್ ಬಂದು ಹೇಳಿದರೆ ಅವರು ಪಾನಾ ಮುಟ್ಟುತ್ತಿರಲಿಲ್ಲ. ಮೊದಲು ಎಣ್ಣೆ, ಆಮೇಲೆ ಗೇಜು, ಕೊನೆಗೆ ಕೈ. ಇದು ಅವರ ಪಾಠದ ಕ್ರಮ. ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿಯುತ್ತಿದ್ದರು. ಚೇಂಬರಿನ ಅಯಸ್ಕಾಂತಕ್ಕೆ ಕಾಡಿಗೆಯ ಹಾಗೆ ನುಣ್ಣಗೆ ಅಂಟಿದ್ದರೆ ಅದು ದಿನನಿತ್ಯದ ಸವೆತ, ಹೆದರಬೇಕಾಗಿಲ್ಲ. ಮಿನುಗುವ ಚೂರು ಸಿಕ್ಕರೆ ಬೇರಿಂಗೋ ಹಲ್ಲೋ ಹೋಗಿದೆ. ಚೇಂಬರಿನ ತಳದಲ್ಲಿ ಕಂದು ನಾರು ಕೂತಿದ್ದರೆ ಕ್ಲಚ್ ಪ್ಲೇಟಿನ ಮೈ ಉದುರುತ್ತಿದೆ. ಆಮೇಲೆ ಟೆಸ್ಟ್ ಪ್ಲಗ್ ಬಿಚ್ಚಿ ಪ್ರೆಶರ್ ಗೇಜ್ ಕೂರಿಸಿ, ಪ್ರತಿ ಗೇರಿಗೂ ಮುಳ್ಳು ಎಲ್ಲಿ ನಿಂತಿತು ಎಂದು ಸೀಸದ ಕಡ್ಡಿಯಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಒತ್ತಡ ಎಲ್ಲ ಗೇರಿನಲ್ಲೂ ಕಡಿಮೆಯಿದ್ದರೆ ಪಂಪ್ ಇಲ್ಲವೇ ಫಿಲ್ಟರ್ ನೋಡು, ಒಂದೇ ಗೇರಿನಲ್ಲಿ ಕಡಿಮೆಯಿದ್ದರೆ ಆ ಕ್ಲಚ್ಚಿನ ಸೀಲ್ ನೋಡು ಎನ್ನುತ್ತಿದ್ದರು. ಗೇರ್‌ಬಾಕ್ಸ್ ಇಳಿಸುವ ಮುಂಚೆಯೇ ಒಳಗೆ ಏನು ಕಾದಿದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಆಮೇಲೆ ಬೆಂಗಳೂರಿನ ದೊಡ್ಡ ವರ್ಕ್‌ಶಾಪುಗಳನ್ನೂ ನೋಡಿದ್ದೇನೆ. ಆ ಶಿಸ್ತು ಮತ್ತೆ ಕಂಡಿಲ್ಲ.

ಕಾರಿನ ಪರ್ವ ಬಂದಿದ್ದು ಇದರ ನಂತರ. 1995ರ ಹೊತ್ತಿಗೆ ಬೆಂಜ್ ಭಾರತದಲ್ಲೇ ಜೋಡಣೆಯಾಗತೊಡಗಿತು. ಮಾರುತಿ ಝೆನ್, ಹುಂಡೈ ಸ್ಯಾಂಟ್ರೋಗಳಲ್ಲಿ ಆಟೋಮ್ಯಾಟಿಕ್ ಮಾಡೆಲ್ ಬಂದವು. ಹೋಂಡಾ ಸಿಟಿಯಲ್ಲೂ ಬಂತು. ಹೋಂಡಾದ ಹಳೆಯ ಆಟೋಮ್ಯಾಟಿಕ್ ಒಳಗೆ ಗ್ರಹಚಕ್ರಗಳಿಲ್ಲ, ಮ್ಯಾನುವಲ್ ಗೇರಿನ ಹಾಗೆ ಸಮಾನಾಂತರ ಶಾಫ್ಟುಗಳ ಮೇಲೆ ಕ್ಲಚ್‌ಗಳಿವೆ. ಡಂಪರ್ ಕಲಿತವನಿಗೆ ಅದೊಂದು ಹೊಸ ಪಾಠವಾಗಿತ್ತು. ನಾನು ಗಣಿ ಬಿಟ್ಟು ಹೊಸಪೇಟೆಯಲ್ಲಿ ಸ್ವಂತ ಶೆಡ್ ಹಾಕಿದ್ದು 1999ರಲ್ಲಿ. ಮೊದಲ ನಾಲ್ಕು ವರ್ಷ ಬಂದ ಆಟೋಮ್ಯಾಟಿಕ್ ಗಾಡಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

2003ರ ನಂತರ ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿತು. ಅದರ ಹಿಂದೆಯೇ ಹೊಸಪೇಟೆ, ಸಂಡೂರು, ಬಳ್ಳಾರಿಯ ರಸ್ತೆಗಳಿಗೆ ಬಂದ ದುಬಾರಿ ಕಾರುಗಳ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದಿವೆ. ಆದರೆ ಆ ಕಾರುಗಳ ಹೊಟ್ಟೆಯೊಳಗೆ ಏನಾಯಿತು ಎಂದು ಯಾರೂ ಬರೆಯಲಿಲ್ಲ. ಹಗಲು ರಾತ್ರಿ ಓಡುವ ಅದಿರು ಲಾರಿಗಳ ನಡುವೆ, ಮೊಣಕಾಲುದ್ದದ ಕೆಂಪು ಧೂಳಿನಲ್ಲಿ, 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಅವು ತೆವಳುತ್ತಿದ್ದವು. ಬಹುಪಾಲು ಕಾರುಗಳಲ್ಲಿ ಗೇರ್ ಎಣ್ಣೆ ತಂಪಾಗುವ ಜಾಗ ರೇಡಿಯೇಟರಿನ ಒಳಗೇ ಇರುತ್ತದೆ. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಅದಿರಿನ ಧೂಳು ಕೂತು, ಮೊದಲ ಮಳೆಗೆ ನೆಂದು, ಒಣಗಿ ಇಟ್ಟಿಗೆಯಾಗುತ್ತದೆ. ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕಂಡೆನ್ಸರ್ ಸರಿಸಿದರೆ ಹಿಂದೆ ಕೆಂಪು ಗೋಡೆ. ಎಣ್ಣೆ 80 ಡಿಗ್ರಿ ದಾಟಿದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಹಳೆಯ ಲೆಕ್ಕ. ಆ ವರ್ಷಗಳಲ್ಲಿ ನಾನು ಇಳಿಸಿದ ಗೇರ್‌ಬಾಕ್ಸ್‌ಗಳಲ್ಲಿ ಹೆಚ್ಚಿನವು ಕೆಟ್ಟು ಸತ್ತವಲ್ಲ, ಬೆಂದು ಸತ್ತವು. ನಾನೂ ನನ್ನ ಜೊತೆಯ ಮೂವರು ಹಳೇ ಗಣಿ ಫಿಟ್ಟರ್‌ಗಳೂ ಪ್ರತಿ ಯುಗಾದಿಗೆ ಮುಂಚೆ ರೇಡಿಯೇಟರ್ ಬಿಚ್ಚಿ ತೊಳೆಯುವುದನ್ನು ನಮ್ಮ ಗಿರಾಕಿಗಳಿಗೆ ಕಡ್ಡಾಯ ಮಾಡಿದೆವು. ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದಲ್ಲಿ ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪಂಪ್ ಹಿಡಿದರೆ ಜಾಲರಿಯ ಎಸಳು ಮಡಚಿ ಇರುವ ಗಾಳಿದಾರಿಯೂ ಮುಚ್ಚುತ್ತದೆ. ಹೊರಗೆ ಒಂದು ಸಣ್ಣ ಕೂಲರ್ ಸೇರಿಸುವುದನ್ನೂ ಶುರು ಮಾಡಿದೆವು. ಆ ಗಾಡಿಗಳಲ್ಲಿ ಕೆಲವು ಇಂದಿಗೂ ಮೂಲ ಗೇರ್‌ಬಾಕ್ಸಿನಲ್ಲೇ ಓಡುತ್ತಿವೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆ ಆದೇಶ ಬೇಕಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಕಸುಬಿಗೆ ಅದರಿಂದ ಆದದ್ದು ಎರಡು. ಒಂದು, ವರ್ಕ್‌ಶಾಪುಗಳು ಮುಚ್ಚಿ ಗೇಜು ಓದಬಲ್ಲ ಫಿಟ್ಟರ್‌ಗಳು ಚೆದುರಿದರು. ಕೆಲವರು ಒಡಿಶಾಕ್ಕೆ, ಕೆಲವರು ಗಲ್ಫಿಗೆ, ಕೆಲವರು ಊರಿನ ಹೊಲಕ್ಕೆ. ಎರಡು, ದುಬಾರಿ ಕಾರುಗಳು ಶೆಡ್ಡುಗಳಲ್ಲಿ ನಿಂತುಬಿಟ್ಟವು. ವರ್ಷಗಟ್ಟಲೆ ನಿಂತ ಆಟೋಮ್ಯಾಟಿಕ್ ಗಾಡಿಯ ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗುತ್ತವೆ. ಆಮೇಲೆ ಅದನ್ನು ಅಗ್ಗಕ್ಕೆ ಕೊಂಡವರು ಡಿ ಹಾಕಿದರೆ ಗಾಡಿ ಒಂದು ಗಳಿಗೆ ಯೋಚಿಸಿ ಧಡ್ ಎಂದು ಹೊರಡುತ್ತದೆ. ನ್ಯೂಟ್ರಲ್‌ನಿಂದ ಡಿಗೆ ಹಾಕಿದಾಗ ಹಿಡಿಯಲು 1.2 ಸೆಕೆಂಡ್, ರಿವರ್ಸಿಗೆ 1.5 ಸೆಕೆಂಡ್ ಎಂದು ಟೊಯೊಟಾದ ಕೈಪಿಡಿಗಳು ಮಿತಿ ಹಾಕುತ್ತವೆ. ಮೊಬೈಲಿನ ಸ್ಟಾಪ್‌ವಾಚ್ ಸಾಕು, ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಹಳೇ ಆಟೋಮ್ಯಾಟಿಕ್ ಕೊಳ್ಳುವವರು ಬಣ್ಣ ನೋಡುವ ಮುಂಚೆ ಇದನ್ನು ಮಾಡಬೇಕು, ಗಾಡಿ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಬೇಕು.

ಫಿಟ್ಟರ್‌ಗಳು ಹೋದ ಜಾಗಕ್ಕೆ ಬಂದಿದ್ದು ಸ್ಕ್ಯಾನರ್. ನಾನು ಸ್ಕ್ಯಾನರ್ ವಿರೋಧಿಯಲ್ಲ, ನನ್ನ ಶೆಡ್ಡಿನಲ್ಲಿ ಎರಡಿವೆ. ಆದರೆ ಸ್ಕ್ಯಾನರ್ ಹೇಳುವುದು ದೂರು, ಕಾರಣವಲ್ಲ. ಗೇರ್ ಅನುಪಾತ ತಪ್ಪಿದೆ ಎಂದು ಕೋಡ್ ಬಂದರೆ ಎಣ್ಣೆ ಕಮ್ಮಿ ಇರಬಹುದು, ಪಂಪ್ ಸವೆದಿರಬಹುದು, ಕ್ಲಚ್ ಸುಟ್ಟಿರಬಹುದು. ಕೋಡ್ ನೋಡಿ ನೇರ ಇಡೀ ಗೇರ್‌ಬಾಕ್ಸ್ ಬದಲಿಸಿ ಎನ್ನುವ ಪದ್ಧತಿ ಇಲ್ಲಿಂದ ಶುರುವಾಯಿತು. ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ಕಂಪ್ಯೂಟರಿಗೆ ಅಪಾಯ ಕಂಡಾಗ ಅದು ಗಾಡಿಯನ್ನು ಎರಡನೇ ಇಲ್ಲವೇ ಮೂರನೇ ಗೇರಿನಲ್ಲಿ ಲಾಕ್ ಮಾಡಿ, ಮೆಲ್ಲಗೆ ಮನೆ ಸೇರು ಎನ್ನುತ್ತದೆ. ಮಾಲೀಕ ಪಿಕಪ್ ಇಲ್ಲ ಎಂದು ಬರುತ್ತಾನೆ, ಮೆಕ್ಯಾನಿಕ್ ಇಂಜೆಕ್ಟರ್ ಬಿಚ್ಚುತ್ತಾನೆ. ಕಂಪ್ಲಿಯ ಆ ಗಾಡಿಗೂ ಮೊದಲು ಇದೇ ಆಗಿತ್ತು.

ಎಣ್ಣೆಯ ವಿಷಯಕ್ಕೆ ಬಂದರೆ ಗೊಂದಲ ಹೆಚ್ಚಿದ್ದೇ ಈ ಹದಿನೈದು ವರ್ಷಗಳಲ್ಲಿ. ಕಾರು ಕಂಪನಿಗಳು ಕೆಲವು ಗೇರ್‌ಬಾಕ್ಸಿನ ಎಣ್ಣೆ ಜೀವಮಾನಪೂರ್ತಿ ಬಾಳುತ್ತದೆ ಎಂದವು. ಅದೇ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರಿಗೆ, ಹೆಚ್ಚೆಂದರೆ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಮಾಡಿದವರ ಮಾತು ಕೇಳುವುದೋ ಮಾರಿದವರದೋ? ಬದಲಿಸಿದ ಮೇಲೆ ಗೇರ್ ಹೋಯಿತು ಎನ್ನುವವರ ಅನುಭವ ಸುಳ್ಳಲ್ಲ, ಅರ್ಥ ಮಾಡಿಕೊಂಡ ರೀತಿ ತಪ್ಪು. ಅವರು ಎಣ್ಣೆ ಬದಲಿಸಿದ್ದು ಗೇರ್ ಜಾರತೊಡಗಿದ ಮೇಲೆ. ಪ್ಲೇಟು ಆಗಲೇ ಸುಟ್ಟಿರುತ್ತದೆ, ಹೊಸ ಎಣ್ಣೆ ಅದನ್ನು ಬಯಲಿಗೆ ತರುತ್ತದೆ ಅಷ್ಟೇ. ಅದರ ಮೇಲೆ ಮೆಷಿನ್ ಹಾಕಿ ಒಂದೇ ಸಲ ಫ್ಲಶ್ ಮಾಡಿದರೆ ತಳದ ಕೊಳೆಯೆಲ್ಲ ಎದ್ದು ವಾಲ್ವ್ ಬಾಡಿಯ ಕೂದಲೆಳೆ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಸುಮಾರು ಅರ್ಧ ಎಣ್ಣೆಯೇ ಹೊರಬರುವುದು, ಉಳಿದದ್ದು ಕನ್ವರ್ಟರಿನಲ್ಲಿ ನಿಂತಿರುತ್ತದೆ. ಹಳೇ ಗಾಡಿಗೆ ಅದೇ ವರ. ಇಳಿದಷ್ಟೇ ಅಳೆದು ತುಂಬಿ, ಐದುನೂರು ಕಿಲೋಮೀಟರ್ ಓಡಿಸಿ, ಹೀಗೆ ಮೂರು ಸಲ. ಎಣ್ಣೆ ಮಾತ್ರ ಆ ಗಾಡಿಗೆ ಹೇಳಿದ್ದೇ ಆಗಬೇಕು. ಬಣ್ಣ ಕೆಂಪಗಿದೆ ಎಂದು ಡಬ್ಬಿಯೆತ್ತಿ ಸುರಿದು ಹಾಳು ಮಾಡಿದ ಗೇರ್‌ಬಾಕ್ಸ್‌ಗಳನ್ನು ಕಂಡಿದ್ದೇನೆ. ಹಲ್ಲುಚಕ್ರಗಳ ಬದಲು ಉಕ್ಕಿನ ಬೆಲ್ಟಿನಲ್ಲಿ ನಡೆಯುವ ಸಿವಿಟಿ ಗೇರ್‌ಬಾಕ್ಸಿಗೆ ಮಾಮೂಲಿ ಆಟೋಮ್ಯಾಟಿಕ್ ಎಣ್ಣೆ ಹಾಕಿದರೆ ಆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಗೀರು ಬೀಳುತ್ತದೆ. ಗೀರು ಬಿದ್ದ ಪುಲ್ಲಿಗೆ ಮದ್ದಿಲ್ಲ.

ನದಿ ದಡದ ಕಾಯಿಲೆ ಬೇರೆ. ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು, ಕಂಪ್ಲಿ ಕೋಟೆಯ ಕಡೆ ನೀರು ನುಗ್ಗುವುದು ಎಲ್ಲರಿಗೂ ಗೊತ್ತು. ಓಡಿ ಬಿಸಿಯಾದ ಗಾಡಿ ನೀರಿಗಿಳಿದರೆ ಗೇರ್‌ಬಾಕ್ಸಿನೊಳಗಿನ ಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ, ಉಸಿರುಕೊಳವೆಯಿಂದ ನೀರನ್ನು ಹೀರುತ್ತದೆ. ಡಿಪ್‌ಸ್ಟಿಕ್ ಎಳೆದರೆ ರೋಸ್ ಮಿಲ್ಕ್. ರೇಡಿಯೇಟರಿನೊಳಗಿನ ಕೂಲರ್ ತೂತಾದರೂ ಅದೇ ಬಣ್ಣ, ಆದ್ದರಿಂದ ಕೂಲಂಟ್ ಡಬ್ಬಿಯಲ್ಲಿ ಎಣ್ಣೆಯ ಜಿಡ್ಡು ತೇಲುತ್ತಿದೆಯೇ ನೋಡಬೇಕು. ಎರಡರಲ್ಲೂ ಗಾಡಿಯನ್ನು ಸ್ಟಾರ್ಟ್ ಮಾಡದೆ ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ತರಬೇಕು. ಕ್ಲಚ್ ಪ್ಲೇಟಿನ ಮೈಯನ್ನು ಅಂಟಿನಿಂದ ಕೂರಿಸಿರುತ್ತಾರೆ, ನೀರು ಆ ಅಂಟನ್ನು ಬಿಡಿಸುತ್ತದೆ.

2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ತಂದ ಮೇಲೆ ಆಟೋಮ್ಯಾಟಿಕ್ ಸಾಮಾನ್ಯರ ಮನೆಗೂ ಬಂತು. ಹಂಪಿಗೆ ಬರುವ ಬಾಡಿಗೆ ಕಾರುಗಳಲ್ಲಿ ಈಗ ಇವೇ ಬಹಳ. ಅದು ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವುದು ಯಂತ್ರದ ಕಾಲು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವವರು ಒಂದೇ ಸೀಸನ್ನಿನಲ್ಲಿ ಕ್ಲಚ್ ಸುಡುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಹುಡುಗರು ಇದನ್ನು ಚೆನ್ನಾಗಿ ಕಲಿತಿದ್ದಾರೆ.

ಕಲಿಯದೇ ಉಳಿದಿರುವುದು ಹಳೆಯ ಟಾರ್ಕ್ ಕನ್ವರ್ಟರ್ ಪೆಟ್ಟಿಗೆ. ನನ್ನ ಬಳಿ ಬರುವ ಐಟಿಐ ಹುಡುಗರು ಅದರ ಚಿತ್ರ ಬರೆಯುತ್ತಾರೆ, ಭಾಗಗಳ ಹೆಸರು ಹೇಳುತ್ತಾರೆ. ಒಬ್ಬನೂ ಒಂದನ್ನು ಬಿಚ್ಚಿ ಜೋಡಿಸಿರುವುದಿಲ್ಲ, ಗೇಜ್ ಕೈಯಲ್ಲಿ ಹಿಡಿದಿರುವುದಿಲ್ಲ. ಗುಜರಿಗೆ ಹೋಗುವ ಗೇರ್‌ಬಾಕ್ಸ್‌ಗಳಲ್ಲಿ ಎರಡನ್ನು ಮೇಜಿನ ಮೇಲಿಟ್ಟು ಕೊಟ್ಟರೆ ಆರು ತಿಂಗಳಲ್ಲಿ ಈ ಹುಡುಗರು ತಯಾರಾಗುತ್ತಾರೆ. ಜೋಡಿಸುವಾಗ ಪ್ಲೇಟುಗಳ ನಡುವೆ ಎಷ್ಟು ಸಂದು ಬಿಡಬೇಕು ಎಂಬುದನ್ನು ಕನ್ನಡದಲ್ಲಿ ಹೇಳುವ ಒಂದು ಪುಸ್ತಕವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗಣಿ ವರ್ಕ್‌ಶಾಪಿನಲ್ಲಿ ಅದು ಇತ್ತು, ಕನ್ನಡದಲ್ಲೇ ಇತ್ತು, ಸೀಸದ ಕಡ್ಡಿಯಲ್ಲಿತ್ತು.

ಉಸ್ತಾದರ ನೋಟ್‌ಬುಕ್ಕುಗಳಲ್ಲಿ ಒಂದು ಮಾತ್ರ ನನ್ನ ಬಳಿ ಉಳಿದಿದೆ. ರಟ್ಟಿಗೆ ಎಣ್ಣೆ ಹಿಡಿದು ಪಾರದರ್ಶಕವಾಗಿದೆ. ಎಡಕ್ಕೆ ಗಾಡಿ ನಂಬರ್, ನಡುವೆ ಪ್ರತಿ ಗೇರಿನ ಒತ್ತಡ, ಬಲಕ್ಕೆ ಬಿಚ್ಚಿದಾಗ ಒಳಗೆ ಸಿಕ್ಕಿದ್ದು. ಉಳಿದವು ಗಣಿ ವರ್ಕ್‌ಶಾಪಿನ ಶೆಡ್ ಖಾಲಿ ಮಾಡಿದ ದಿನ ರದ್ದಿ ಪೇಪರಿನ ಜೊತೆ ಹೋದವು. ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆಯ ಹಳೇ ಫಿಟ್ಟರ್‌ಗಳ ಮನೆಯ ಅಟ್ಟದಲ್ಲಿ ಇಂಥವು ಇನ್ನೂ ಇರಬಹುದು. ರದ್ದಿಗೆ ಹಾಕುವ ಮುಂಚೆ ಒಮ್ಮೆ ತೋರಿಸಿ, ಪುಟಗಳ ಫೋಟೊ ತೆಗೆದುಕೊಂಡು ಅವತ್ತೇ ವಾಪಸ್ ಕೊಡುತ್ತೇನೆ.