ಮುರಕಲ್ಲಿನ ಮೇಲೊಂದು ಪುಟ್ಟ ಕಪ್ಪೆ

ಮಿರರ್‌ಲೆಸ್ ಕ್ಯಾಮೆರಾಕ್ಕೆ ಮ್ಯಾಕ್ರೋ ಲೆನ್ಸ್ ಯಾಕೆ ಬೇಕು ಅಂತ ಕೇಳೋರಿಗೆ ನಾನು ಮಣಿಪಾಲದ ಒಂದು ಕಪ್ಪೆಯ ಕಥೆ ಹೇಳ್ತೇನೆ.

ಶುರುವಾಗೋದು ಕಲ್ಲಿನಿಂದ. ಮಲಬಾರಿನ ಅಂಗಡಿಪುರಂನಲ್ಲಿ ಮುರಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯೋದನ್ನು ನೋಡಿದ ಫ್ರಾನ್ಸಿಸ್ ಬುಕಾನನ್, 1807ರ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು 'ಲ್ಯಾಟರೈಟ್' ಅಂತ ಕರೆದ. ಮನೆ ಕಟ್ಟೋ ಕಲ್ಲು, ಅಷ್ಟೇ. ಮಳೆಗಾಲದಲ್ಲಿ ಅದರ ಮೇಲೆ ನಿಲ್ಲೋ ನೀರಲ್ಲಿ ಯಾರಿದ್ದಾರೆ ಅಂತ ಬಗ್ಗಿ ನೋಡೋಕೆ ಇನ್ನೂ 200 ವರ್ಷ ಬೇಕಾಯ್ತು.

ಮಣಿಪಾಲದ ಪಾದೆಗಳಲ್ಲಿ ಕಪ್ಪೆ ಹುಡುಕುತ್ತಿದ್ದ ರಮಿತ್ ಸಿಂಗಲ್, ಸಂಶೋಧಕರಾದ ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದವರು ಸೇರಿ 2016ರಲ್ಲಿ ಅದಕ್ಕೆ ಕಲ್ಲಿನ ಹೆಸರನ್ನೇ ಇಟ್ಟರು: ಮೈಕ್ರೋಹೈಲಾ ಲ್ಯಾಟರೈಟ್. ಉದ್ದ ಸುಮಾರು 1.6 ಸೆಂ.ಮೀ. ಕೂಗು ಜೀರುಂಡೆ ಥರ, ಹಾಗಾಗಿ ಕೇಳಿದರೂ ಯಾವುದೋ ಹುಳ ಅಂದ್ಕೊಂಡು ಮುಂದೆ ಹೋಗ್ತೇವೆ.

1:1 ಮ್ಯಾಕ್ರೋದಲ್ಲಿ ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲಿನ ಬಿಂಬವೂ ಅಷ್ಟೇ ದೊಡ್ಡದು. 36 ಮಿ.ಮೀ. ಅಗಲದ ಫುಲ್‌ಫ್ರೇಮ್ ಸೆನ್ಸರ್‌ನಲ್ಲಿ ಈ ಕಪ್ಪೆ ಅರ್ಧದ ಹತ್ತಿರ ಹತ್ತಿರ ತುಂಬಿಕೊಳ್ಳುತ್ತೆ. ಬೆನ್ನಿನ ಗುರುತು, ಬೆರಳ ತುದಿ ಎಲ್ಲ ಕಾಣುತ್ತೆ. (ಕಣ್ಣು ಫೋಕಸ್ ಆದ್ರೆ ಮೂತಿ ಮಸುಕು, ಆ ಜಗಳ ಬೇರೆ!) ಆದರೆ ಬರೀ ಫೋಟೋದಿಂದ ಹೊಸ ಪ್ರಭೇದ ಅನ್ನೋಕಾಗಲ್ಲ. ದೇಹದ ಅಳತೆ, ಕೂಗಿನ ರೆಕಾರ್ಡಿಂಗ್, ಡಿಎನ್‌ಎ ಎಲ್ಲವನ್ನೂ ಹೋಲಿಸಬೇಕಾಯ್ತು.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಸರಕಾರಿ ಲೆಕ್ಕದಲ್ಲಿ ಇಂಥ ಪಾದೆಗಳು ಹೆಚ್ಚಾಗಿ 'ಪಾಳುಭೂಮಿ'. ಕಲ್ಲು ಕಡಿಯೋದು ಅಲ್ಲೇ, ಕಸ ಸುರಿಯೋದೂ ಅಲ್ಲೇ.

ಕಾಪು, ಕಾರ್ಕಳ ಕಡೆಯವರು ಈ ಮಳೆಗೆ ಲೆನ್ಸ್ ಹಿಡ್ಕೊಂಡು ಪಾದೆಗೆ ಹೋಗೋದಾದ್ರೆ ನಿಂತ ನೀರಿಗೆ ಕಾಲಿಡ್ಬೇಡಿ, ಕಪ್ಪೆಯನ್ನು ಮುಟ್ಬೇಡಿ. ಜಾಗ, ತಾರೀಕು ಬರ್ಕೊಳ್ಳಿ. ಕೂಗನ್ನೂ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.